ಮೆನಾಮಿನೀ ನಾಯಕನ ಸ್ಮಾರಕವೂ ಅದರ ಶಿಲಾಲೇಖವೂ

೧

ಸ್ಮಾರಕಶಿಲೆಯೊಂದು ಎರಡು ಕಾಲಗಳಿಗೆ ಸಾಕ್ಷಿಯಾಗಿ ನಿಲ್ಲುತ್ತದೆ. ಯಾವ ಸಂಗತಿಯನ್ನು ಹೇಳುವುದಕ್ಕೆಂದು ಅದನ್ನು ನೆಟ್ಟರೋ ಆ ಸಂಗತಿಯ ಕಾಲ ಒಂದು. ನೆಟ್ಟವರ ಕಾಲ ಮತ್ತೊಂದು. ಮೊದಲನೆಯದನ್ನು ಶಿಲೆಯು ಬಾಯಿಬಿಟ್ಟು ಹೇಳುವುದು. ಎರಡನೆಯದನ್ನು ಓದುವವನು ತಾನೇ ಹುಡುಕಿ ತೆಗೆಯಬೇಕು. ಯಾರ ಹೆಸರನ್ನು ಕೊರೆದಿರುವರು, ಯಾರ ಹೆಸರನ್ನು ಬಿಟ್ಟಿರುವರು, ವಾಕ್ಯದಲ್ಲಿ ಕರ್ತೃವಾಗಿ ನಿಂತವರು ಯಾರು, ಕಥೆಯು ಯಾವ ತೇದಿಯಲ್ಲಿ ಮೊದಲಾಗಿ ಯಾವ ತೇದಿಗೆ ಮುಗಿಯುವುದು ಎಂಬಿವುಗಳನ್ನು ವಿಚಾರಿಸಿದಲ್ಲದೆ ಶಿಲಾಲೇಖವನ್ನು ಪೂರ್ತಿಯಾಗಿ ಓದಿದಂತಾಗುವುದಿಲ್ಲ.

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಮಧ್ಯಪಶ್ಚಿಮ ಪ್ರಾಂತದಲ್ಲಿ ಇಂತಹ ಶಿಲೆಗಳಿಗೆ ಕೊರತೆಯಿಲ್ಲ. ಅಲ್ಲಿಯ ಸಂಸ್ಥಾನಗಳು ಕೌಂಟಿಗಳೆಂಬ ಆಡಳಿತ ವಿಭಾಗಗಳಾಗಿ ಒಡೆದಿವೆ. ಬೇಸಾಯವೇ ಪ್ರಧಾನವಾದ ಕೌಂಟಿಗಳಲ್ಲಿಯೂ ದಾರಿಯ ಮಗ್ಗುಲಲ್ಲಿ, ನ್ಯಾಯಸ್ಥಾನದ ಅಂಗಳದಲ್ಲಿ, ಹಳೆಯ ಸೇತುವೆಯ ಬಳಿಯಲ್ಲಿ ಲೋಹದ ಫಲಕಗಳೂ ಗುಂಡುಕಲ್ಲುಗಳೂ ಕಾಣಬರುತ್ತವೆ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಪೂರ್ವದಿಂದ ಬಂದು ಕಾಡು ಕಡಿದು ನೆಲಸಿದವರನ್ನು ಅಲ್ಲಿಯವರು ಪಯೋನಿಯರರೆಂದು ಗೌರವದಿಂದ ಕರೆಯುವರು. ಆ ಫಲಕಗಳಲ್ಲಿ ಬಹುಪಾಲು ಈ ಮೊದಲ ನೆಲಸಿಗರ ಸ್ಮರಣೆಗಾಗಿಯೇ ಏರ್ಪಟ್ಟವು. ಮೊದಲ ಮನೆ, ಮೊದಲ ಗಿರಣಿ, ಮೊದಲ ಶಾಲೆ, ಮೊದಲ ನ್ಯಾಯಸಭೆ ಎಂಬುದೇ ಅವುಗಳ ಪಲ್ಲವಿ. ಈ 'ಮೊದಲ' ಎಂಬ ವಿಶೇಷಣವು ನೋಡುವುದಕ್ಕೆ ನಿರಪರಾಧಿಯಾದುದು. ಆದರೆ ಎಣಿಕೆಯನ್ನು ಎಲ್ಲಿಂದ ತೊಡಗಬೇಕೆಂಬುದನ್ನು ನಿರ್ಣಯಿಸಿಬಿಡುವ ಪದವೂ ಅದೇ. ಅದಕ್ಕೆ ಹಿಂದೆ ಅಲ್ಲಿ ಇದ್ದ ಮನೆ, ಹೊಲ, ಪ್ರಾರ್ಥನಾಮಂದಿರಗಳು ಆ ಒಂದು ಪದದಿಂದಲೇ ಲೆಕ್ಕದಿಂದ ಹೊರಗಾಗುವುವು.

ಈ ಸಾಮಾನ್ಯ ಪದ್ಧತಿಗೆ ಅಪವಾದವೆಂದು ಹೇಳಿಸಿಕೊಳ್ಳುವ ಸ್ಮಾರಕವೊಂದು ಇಂಡಿಯಾನಾ ಸಂಸ್ಥಾನದ ಉತ್ತರಭಾಗದ ಮಾರ್ಷಲ್ ಕೌಂಟಿಯಲ್ಲಿ ಉಂಟು. ಪ್ಲಿಮತ್ ಪಟ್ಟಣದ ನೈಋತ್ಯಕ್ಕೆ, ಟ್ವಿನ್ ಲೇಕ್ಸ್ ಎಂಬ ಅವಳಿ ಸರೋವರಗಳ ಸಮೀಪದಲ್ಲಿ, ಪೊಟವಾಟಮಿ ಜನರ ಮೆನಾಮಿನೀ ಎಂಬ ನಾಯಕನ ಶಿಲಾಪ್ರತಿಮೆಯನ್ನು ೧೯೦೯ನೆಯ ಇಸವಿ ಸೆಪ್ಟೆಂಬರ್ ೪ರಂದು ಅನಾವರಣ ಮಾಡಿದರು. ಶಾಸನಸಭೆಯ ಕಾಯಿದೆಯಿಂದ, ಸರಕಾರದ ಹಣದಿಂದ, ಆ ದೇಶದ ಮೂಲನಿವಾಸಿಯೊಬ್ಬನಿಗೆ ನಿಲ್ಲಿಸಿದ ಮೊತ್ತಮೊದಲಿನ ಸ್ಮಾರಕವೆಂಬ ಕೀರ್ತಿ ಇದಕ್ಕೆ ಸಲ್ಲುತ್ತಿದೆ. ಕೀರ್ತಿಯು ನ್ಯಾಯವಾದುದೇ. ಆದರೂ ಅದರ ಲೇಖವನ್ನು ಅಕ್ಷರಶಃ ಓದಿದರೆ, ಅಪವಾದವೆಂದು ತೋರುವ ಈ ಸ್ಮಾರಕದೊಳಗೂ ಸಾಮಾನ್ಯ ಪದ್ಧತಿಯು ಎಷ್ಟು ದೂರ ಹೊಕ್ಕಿದೆಯೆಂಬುದು ವಿಶದವಾಗುತ್ತದೆ.

೨

ಲೇಖವನ್ನು ತೂಗಿನೋಡುವುದಕ್ಕೆ ಮೊದಲು ನಡೆದ ಸಂಗತಿಯ ಪರಿಚಯವು ಅವಶ್ಯ. ಮಿಚಿಗನ್ ಸರೋವರದ ದಕ್ಷಿಣದ ನಾಡೆಲ್ಲ ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಪೊಟವಾಟಮಿ ಜನರದಾಗಿದ್ದಿತು. ೧೮೨೬ರ ಒಡಂಬಡಿಕೆಯೊಂದರಲ್ಲಿ ಅವರು ದಕ್ಷಿಣೋತ್ತರವಾಗಿ ಒಂದು ಹೆದ್ದಾರಿಗೆ ನೂರು ಅಡಿ ಅಗಲದ ಪಟ್ಟಿಯನ್ನೂ, ದಾರಿಯ ಪ್ರತಿಯೊಂದು ಮೈಲಿಗೆ ಒಂದು ಚದರ ಮೈಲಿಯಷ್ಟು ನೆಲವನ್ನೂ ಬಿಟ್ಟುಕೊಟ್ಟರು. ಆ ನೆಲವನ್ನು ಮಾರಿ ಬಂದ ಹಣದಿಂದ ನಿರ್ಮಿತವಾದುದೇ ಮಿಚಿಗನ್ ರೋಡ್ ಎಂಬ ದಾರಿ. ಅದು ತೆರೆದ ಕೂಡಲೆ ನೆಲಸಿಗರ ಬಂಡಿಗಳು ಸಾಲಾಗಿ ಬರತೊಡಗಿದುವು.

೧೮೩೨ರ ಅಕ್ಟೋಬರ್ ತಿಂಗಳಿನಲ್ಲಿ ಟಿಪ್ಪೆಕನೂ ನದಿಯ ತೀರದಲ್ಲಿ ನಡೆದ ಒಡಂಬಡಿಕೆಗಳಿಂದ ಆ ಜನರ ಭೂಮಿಯ ಬಹುಭಾಗವು ಕೈಬಿಟ್ಟಿತು. ಅಲ್ಲಲ್ಲಿ ಕೆಲವು ತುಂಡುಗಳನ್ನು ಮಾತ್ರ ಅವರಿಗಾಗಿ ಕಾದಿರಿಸಿದರು. ಮೆನಾಮಿನೀ ಮತ್ತು ಬೇರೆ ಮೂವರು ನಾಯಕರ ಪಂಗಡಗಳಿಗೆ ಸೇರಿ ೨೨ ಸೆಕ್ಷನ್ ನೆಲ ಉಳಿಯಿತು. ಒಂದು ಸೆಕ್ಷನ್ ಎಂದರೆ ಒಂದು ಚದರ ಮೈಲಿ, ಅಂದರೆ ೬೪೦ ಎಕರೆ. ಒಟ್ಟು ೧೪,೦೮೦ ಎಕರೆ. ನಾಲ್ಕು ವರ್ಷ ಕಳೆಯುವಷ್ಟರಲ್ಲಿ, ೧೮೩೬ನೆಯ ಆಗಸ್ಟ್ ೫ರಂದು, ಏಬೆಲ್ ಪೆಪ್ಪರ್ ಎಂಬ ಸರಕಾರದ ಪ್ರತಿನಿಧಿಯು ಯೆಲ್ಲೋ ನದಿಯ ಬಳಿ ಇನ್ನೊಂದು ಒಡಂಬಡಿಕೆಯನ್ನು ಬರೆಯಿಸಿ ಇದನ್ನೂ ಕೊಂಡನು. ಬೆಲೆ ೧೪,೦೮೦ ಡಾಲರು, ಎಂದರೆ ಎಕರೆಗೆ ಒಂದು ಡಾಲರು. ಎರಡು ವರ್ಷಗಳೊಳಗೆ ಜಾಗ ಬಿಟ್ಟು ಹೋಗತಕ್ಕದ್ದೆಂಬುದು ಕರಾರು. ಉಳಿದ ನಾಯಕರು ಗುರುತು ಹಾಕಿದರು. ಮೆನಾಮಿನೀ ಹಾಕಲಿಲ್ಲ. ತಾನು ಮಾರಲಿಲ್ಲ, ಮಾರುವುದೂ ಇಲ್ಲ ಎಂಬ ನಿಲುವನ್ನು ಅವನು ಕೊನೆಯವರೆಗೂ ಬಿಡಲಿಲ್ಲ. ಅವನು ಕ್ಯಾಥೊಲಿಕ್ ಮತವನ್ನು ಅವಲಂಬಿಸಿದವನು. ಮದ್ಯವನ್ನು ವರ್ಜಿಸಿ ತನ್ನವರಿಗೆ ಧರ್ಮೋಪದೇಶ ಮಾಡುತ್ತಿದ್ದವನು. ಅವನ ಗ್ರಾಮದ ನಡುವೆ ಮರದ ದಿಮ್ಮಿಗಳಿಂದ ಕಟ್ಟಿದ ಪ್ರಾರ್ಥನಾಮಂದಿರವಿದ್ದಿತು.

ಗಡುವು ೧೮೩೮ನೆಯ ಆಗಸ್ಟ್ ೫ಕ್ಕೆ ತೀರಿತು. ಅದಕ್ಕೆ ಮೊದಲೇ ನೆಲವನ್ನು ಹಿಡಿಯುವ ಆಸೆಯಿಂದ ಬಂದು ಕುಳಿತಿದ್ದ ನೆಲಸಿಗರಿಗೂ ಗ್ರಾಮದವರಿಗೂ ಜಗಳಗಳಾಗಿದ್ದುವು. ನೆಲಸಿಗರ ಮೊರೆಯನ್ನು ಕೇಳಿ ಇಂಡಿಯಾನಾದ ರಾಜ್ಯಪಾಲ ಡೇವಿಡ್ ವಾಲೇಸನು, ಆಗ ಸಂಯುಕ್ತ ಸಂಸ್ಥಾನಗಳ ಸೆನೆಟಿನ ಸದಸ್ಯನಾಗಿದ್ದ ಜನರಲ್ ಜಾನ್ ಟಿಪ್ಟನನಿಗೆ ಸ್ವಯಂಸೇವಕ ಸೈನಿಕರನ್ನು ಕೂಡಿಸುವ ಅಧಿಕಾರವನ್ನು ಕೊಟ್ಟನು. ಆಗಸ್ಟ್ ತಿಂಗಳ ಕೊನೆಯಲ್ಲಿ ಟಿಪ್ಟನನ ದಂಡು ಗ್ರಾಮವನ್ನು ಮುತ್ತಿತು. ಸೆಪ್ಟೆಂಬರ್ ೪ರಂದು ೮೫೯ ಮಂದಿಯನ್ನು ಹೊರಡಿಸಿದರು. ಮೆನಾಮಿನೀಯನ್ನು ಬಂಡಿಯಲ್ಲಿ ಕಾವಲಿನಲ್ಲಿಟ್ಟು ಸಾಗಿಸಿದರು.

ಅಲ್ಲಿಂದ ಮುಂದೆ ಅವರು ನಡೆದ ದಾರಿ ಸುಮಾರು ೬೬೦ ಮೈಲಿ. ಮಿಚಿಗನ್ ರೋಡ್ ಹಿಡಿದು ರಾಚೆಸ್ಟರ್, ಲೋಗನ್ಸ್‌ಪೋರ್ಟ್‌ಗಳ ಮೂಲಕ ಹೋಗಿ, ಇಲ್ಲಿನಾಯ್ ಸಂಸ್ಥಾನವನ್ನು ಅಡ್ಡಹಾಯ್ದು, ಕ್ವಿನ್ಸಿಯಲ್ಲಿ ಮಿಸಿಸಿಪಿಯನ್ನು ದಾಟಿ, ಮಿಸೂರಿಯ ಉದ್ದಕ್ಕೂ ಸಾಗಿ, ನವೆಂಬರ್ ೪ರಂದು ಈಗಿನ ಕ್ಯಾನ್ಸಸಿನ ಓಸವಾಟಮಿಯನ್ನು ಮುಟ್ಟಿದರು. ಆ ವರ್ಷ ಮಳೆಯಿಲ್ಲದೆ ಹಳ್ಳಗಳು ಬತ್ತಿದ್ದುವು. ಇದ್ದ ನೀರು ಕೆಟ್ಟು ಜ್ವರ ಹಬ್ಬಿತು. ನಲವತ್ತಕ್ಕೆ ಮೇಲ್ಪಟ್ಟು ಜನ ದಾರಿಯಲ್ಲಿಯೇ ತೀರಿಹೋದರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಗ್ರಾಮದ ಪಾದ್ರಿ ಬೆಂಜಮಿನ್ ಪೆಟೀ ಎಂಬ ಫ್ರೆಂಚ್ ಯುವಕನು ತನ್ನ ಬಿಷಪ್ಪರ ಅಪ್ಪಣೆ ಪಡೆದು ಡ್ಯಾನ್‌ವಿಲ್ಲಿನ ಬಳಿ ಇವರನ್ನು ಕೂಡಿಕೊಂಡನು. ತಾನೂ ಜ್ವರಪೀಡಿತನಾಗಿ ಕೊನೆಯವರೆಗೆ ಜೊತೆಗಿದ್ದು, ಹಿಂದಿರುಗುವಾಗ ೧೮೩೯ನೆಯ ಫೆಬ್ರವರಿ ೧೦ರಂದು ಸೇಂಟ್ ಲೂಯಿ ನಗರದಲ್ಲಿ ತನ್ನ ೨೭ನೆಯ ವಯಸ್ಸಿನಲ್ಲಿ ಮೃತನಾದನು. ಮೆನಾಮಿನೀ ೧೮೪೧ರಲ್ಲಿ ಕ್ಯಾನ್ಸಸಿನ ಶುಗರ್ ಕ್ರೀಕ್ ಎಂಬಲ್ಲಿ ತೀರಿಕೊಂಡನು. ತನ್ನ ನೆಲವನ್ನು ಅವನು ಮತ್ತೆ ನೋಡಲಿಲ್ಲ.

೩

ಈ ಸಂಗತಿಯನ್ನು ಮರವೆಯಿಂದ ಎತ್ತಿದವನು ಪ್ಲಿಮತ್ತಿನ ಡೇನಿಯಲ್ ಮ್ಯಾಕ್‌ಡೊನಾಲ್ಡ್. ಅವನು ಪತ್ರಿಕಾಸಂಪಾದಕ, ಕೌಂಟಿಯ ಇತಿಹಾಸಕಾರ, ಇಂಡಿಯಾನಾ ಶಾಸನಸಭೆಯ ಸದಸ್ಯ. ಅವನು ಮೂರು ವರ್ಷದ ಮಗುವಾಗಿದ್ದಾಗ, ೧೮೩೬ರಲ್ಲಿ, ಅವನ ಮನೆಯವರು ಮಾರ್ಷಲ್ ಕೌಂಟಿಗೆ ಬಂದು ನೆಲಸಿದರು. ಯೆಲ್ಲೋ ನದಿಯ ಒಡಂಬಡಿಕೆಯೂ ಅದೇ ವರ್ಷದ್ದು. ಹೀಗೆ ಅವನು ಹುಟ್ಟಿನಿಂದಲೂ ಬೆಳವಣಿಗೆಯಿಂದಲೂ ಮೊದಲ ನೆಲಸಿಗರ ಪಂಕ್ತಿಗೆ ಸೇರಿದವನು. ೧೮೯೯ರಲ್ಲಿ ಅವನು ಪೊಟವಾಟಮಿ ಜನರ ಉಚ್ಚಾಟನೆಯ ವಿಷಯವಾಗಿ ಒಂದು ಗ್ರಂಥವನ್ನು ಪ್ರಕಟಿಸಿದನು. ೧೯೦೫ನೆಯ ಫೆಬ್ರವರಿ ೩ರಂದು ಸಭೆಯಲ್ಲಿ ದೀರ್ಘವಾದ ಭಾಷಣ ಮಾಡಿ ಸ್ಮಾರಕದ ಮಸೂದೆಯನ್ನು ಸಮರ್ಥಿಸಿದನು. ಆ ಸಲ ಮಸೂದೆ ಬಿದ್ದುಹೋಯಿತು. ೧೯೦೭ರಲ್ಲಿ ಮತ್ತೆ ತಂದು ೨,೫೦೦ ಡಾಲರು ಮಂಜೂರಾಗುವಂತೆ ಮಾಡಿದನು. ತನ್ನ ತಂದೆಯ ಪೀಳಿಗೆಗೆ ದೊರೆತ ನೆಲವು ಯಾವ ಬಗೆಯಿಂದ ದೊರೆಯಿತೆಂಬುದನ್ನು ಆ ಪೀಳಿಗೆಯ ಮಕ್ಕಳೇ ತುಂಬಿದ ಸಭೆಯಲ್ಲಿ ಎದ್ದುನಿಂತು ಹೇಳುವುದಕ್ಕೆ ಎದೆಗಾರಿಕೆ ಬೇಕು. ಮ್ಯಾಕ್‌ಡೊನಾಲ್ಡನ ಬರವಣಿಗೆಯಲ್ಲಿ ಭಾವೋದ್ರೇಕ ಹೆಚ್ಚೆಂಬ ಆಕ್ಷೇಪಣೆಯಲ್ಲಿ ಸತ್ಯಾಂಶವಿದ್ದರೂ, ಈ ಎದೆಗಾರಿಕೆಯನ್ನು ಮೊದಲು ಒಪ್ಪಿಕೊಳ್ಳದೆ ಅವನನ್ನು ವಿಮರ್ಶಿಸುವುದು ನ್ಯಾಯವಲ್ಲ.

ಇನ್ನು ಲೇಖ. ಪೀಠದ ಮೇಲಿನ ಮುಖ್ಯ ವಾಕ್ಯದ ತಾತ್ಪರ್ಯವಿಷ್ಟು: ಇದು ಮೆನಾಮಿನೀ ನಾಯಕನ ಮತ್ತು ಅವನ ೮೫೯ ಮಂದಿ ಪೊಟವಾಟಮಿ ಜನರ ನೆನಪಿಗಾಗಿ; ಇವರನ್ನು ಈ ಕಾದಿಟ್ಟ ನೆಲದಿಂದ ೧೮೩೮ನೆಯ ಸೆಪ್ಟೆಂಬರ್ ೪ರಂದು, ರಾಜ್ಯಪಾಲ ವಾಲೇಸನ ಅಧಿಕಾರದಿಂದ, ಜನರಲ್ ಟಿಪ್ಟನನ ಕೈಕೆಳಗಿನ ಸೈನಿಕರ ತಂಡವು ತೆಗೆದುಹಾಕಿತು. ಇದರ ಗುಣವನ್ನು ಎತ್ತಿ ಹೇಳತಕ್ಕದ್ದೇ. ಜನರು ಹೊರಟುಹೋದರು, ಮರೆಯಾದರು, ಪಶ್ಚಿಮಕ್ಕೆ ಸರಿದರು ಎಂದು ಗಾಳಿಯ ಮೇಲೆ ಹಾಕಿ ಬರೆಯುವುದು ಆ ಕಾಲದ ಕೌಂಟಿ ಇತಿಹಾಸಗಳ ರೂಢಿ. ಇಲ್ಲಿಯಾದರೋ ತೆಗೆದುಹಾಕಿದವರು ಯಾರು, ಯಾರ ಅಪ್ಪಣೆ, ಎಂದು, ಎಷ್ಟು ಜನ ಎಂಬ ನಾಲ್ಕಕ್ಕೂ ಉತ್ತರವಿದೆ. ಸಂಸ್ಥಾನವೊಂದು ತನ್ನ ಬೊಕ್ಕಸದ ಹಣದಿಂದ ತನ್ನ ರಾಜ್ಯಪಾಲನ ಹೆಸರನ್ನು ಇಂತಹ ವಾಕ್ಯದಲ್ಲಿ ಕೊರೆಯಿಸಿದುದು ಅಪರೂಪವಾದ ಸಂಗತಿ. ಟಿಪ್ಟನನ ಹೆಸರಿನಲ್ಲಿ ಅದೇ ಸಂಸ್ಥಾನದಲ್ಲಿ ಒಂದು ಕೌಂಟಿಯೂ ಒಂದು ಪಟ್ಟಣವೂ ಇರುವುದನ್ನು ನೆನೆದರೆ ಇದರ ಬೆಲೆ ಇನ್ನೂ ಹೆಚ್ಚುವುದು.

ಆದರೆ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹೇಳಿದ ಲೇಖವು ಇನ್ನು ನಾಲ್ಕಕ್ಕೆ ಮೌನವಾಗಿದೆ. ಏತಕ್ಕಾಗಿ ತೆಗೆದುಹಾಕಿದರು? ಯಾವ ಹಕ್ಕಿನಿಂದ? ಎಲ್ಲಿಗೆ? ಎಷ್ಟು ಜನ ಸತ್ತರು? ಮೆನಾಮಿನೀ ಒಡಂಬಡಿಕೆಗೆ ಗುರುತು ಹಾಕಲಿಲ್ಲವೆಂಬ ಸಂಗತಿಯೊಂದನ್ನು ಬಿಟ್ಟರೆ ಉಳಿದ ಕಥೆಗೆ ಅರ್ಥವೇ ಇಲ್ಲ. ಗುರುತು ಹಾಕಿದ್ದವನನ್ನು ಗಡುವು ತೀರಿದ ಮೇಲೆ ಹೊರಡಿಸುವುದು ಕರಾರಿನ ಪಾಲನೆಯೆನಿಸಬಹುದು. ಹಾಕದವನನ್ನು ಹೊರಡಿಸುವುದು ಬಲಾತ್ಕಾರ. ಈ ಎರಡಕ್ಕೂ ನಡುವಣ ಭೇದವೇ ಸ್ಮಾರಕಕ್ಕೆ ಕಾರಣವಾದ ಭೇದ. ಅದು ಶಿಲೆಯ ಮೇಲಿಲ್ಲ. ಅರಿಯದವನು ಲೇಖವನ್ನು ಓದಿದರೆ ದುಃಖಕರವಾದರೂ ಕಾನೂನಿಗೆ ಸರಿಯಾದ ಕಾರ್ಯವೊಂದು ನಡೆಯಿತೆಂದೇ ತಿಳಿದಾನು. ಏಕೆಂದರೆ ಅಲ್ಲಿ ಅಧಿಕಾರವಿದೆ, ಸೇನಾಪತಿಯಿದ್ದಾನೆ, ತೇದಿಯಿದೆ.

ಮ್ಯಾಕ್‌ಡೊನಾಲ್ಡನಿಗೆ ಇದು ತಿಳಿಯದೆ ಬಿಟ್ಟುಹೋದುದಲ್ಲ. ಮೆನಾಮಿನೀ ಸಹಿ ಹಾಕಲಿಲ್ಲವೆಂಬುದು ಅವನ ವಾದದ ತಿರುಳು. ಶಿಲೆಯ ಮೇಲೆ ಸ್ಥಳ ಸಾಲದೆ ಬಿಟ್ಟರೆಂಬ ಸಮಾಧಾನವೂ ನಿಲ್ಲಲಾರದು. ಇಂಡಿಯಾನಾದ ರಾಜ್ಯಪಾಲನೊಬ್ಬನ ಹೆಸರು ಅಲ್ಲಿದೆ. ಕಾಯಿದೆಯ ಕರ್ತೃವಾದ ಮ್ಯಾಕ್‌ಡೊನಾಲ್ಡನ ಹೆಸರಿದೆ. ಮೂವರು ಧರ್ಮದರ್ಶಿಗಳ ಹೆಸರುಗಳಿವೆ. ಕೊನೆಗೆ, ಸ್ಮಾರಕಕ್ಕೆ ನಿವೇಶನವನ್ನು ದಾನಮಾಡಿದ ಮಹನೀಯನ ಹೆಸರೂ ಇದೆ. ಲೇಖದಲ್ಲಿ ಅತ್ಯಂತ ವಿಚಾರಾರ್ಹವಾದ ಪಂಕ್ತಿಯು ಈ ಕೊನೆಯದೇ. ದಾನಿಯು ಸದ್ಭಾವದಿಂದಲೇ ಕೊಟ್ಟನು. ಕ್ರಯಪತ್ರಗಳ ಪ್ರಕಾರ ನೆಲವು ಅವನದೇ. ಆದರೂ, ಮಾರಲೊಲ್ಲೆನೆಂದು ಹಟಹಿಡಿದು ಬಂಡಿಯಲ್ಲಿ ಬಂಧಿತನಾಗಿ ಹೋದವನ ಪ್ರತಿಮೆಯ ಕೆಳಗೆ, ಆ ಪ್ರತಿಮೆಗೆ ಕಾಲೂರುವಷ್ಟು ನೆಲವನ್ನು ಇನ್ನೊಬ್ಬನು ದಾನ ಕೊಟ್ಟನೆಂದು ಕೊರೆಯುವಾಗ ಯಾರ ಕೈಯೂ ತಡೆಯಲಿಲ್ಲ. ನೆಲದ ಹಕ್ಕು ಚರ್ಚೆಯಿಲ್ಲದೆ ಮುಗಿದುಹೋದ ವಿಷಯವೆಂಬ ನಂಬಿಕೆಯು ಅಷ್ಟು ಗಟ್ಟಿಯಾಗಿ ಬೇರೂರಿದ್ದಿತು. ಸ್ಮಾರಕವನ್ನು ಕಟ್ಟಿದವರು ಪಶ್ಚಾತ್ತಾಪವನ್ನು ಮನಃಪೂರ್ವಕವಾಗಿಯೇ ಪಟ್ಟರು; ಆ ಪಶ್ಚಾತ್ತಾಪವು ಹೊಲದ ಬೇಲಿಯವರೆಗೆ ಬಂದು ನಿಂತಿತು.

ಕೌಂಟಿಯ ಹೆಸರು ಕೂಡ ಇಲ್ಲಿ ಒಂದು ಲೇಖದಂತೆಯೇ ಓದಿಸಿಕೊಳ್ಳುವುದು. ಅದು ಸಂಯುಕ್ತ ಸಂಸ್ಥಾನಗಳ ಮುಖ್ಯ ನ್ಯಾಯಾಧೀಶ ಜಾನ್ ಮಾರ್ಷಲನದು. ಮೂಲನಿವಾಸಿಗಳಿಗೆ ನೆಲದಲ್ಲಿ ವಾಸದ ಹಕ್ಕು ಮಾತ್ರ ಉಂಟು, ಪರಮ ಸ್ವಾಮ್ಯವು ಸರಕಾರದ್ದೆಂದು ೧೮೨೩ರಲ್ಲಿ ತೀರ್ಪು ಬರೆದವನು ಅವನೇ. ಚೆರೊಕೀ ಜನರ ನೆಲದ ಒಳಗೆ ಜಾರ್ಜಿಯಾ ಸಂಸ್ಥಾನದ ಕಾಯಿದೆಗಳಿಗೆ ಬಲವಿಲ್ಲವೆಂದು ೧೮೩೨ರಲ್ಲಿ ತೀರ್ಪು ಕೊಟ್ಟವನೂ ಅವನೇ. ಮೊದಲನೆಯ ತೀರ್ಪಿನ ಫಲವನ್ನು ಆ ಕೌಂಟಿಯು ಉಂಡಿತು. ಎರಡನೆಯ ತೀರ್ಪು ಹೊರಬಿದ್ದು ಆರು ವರ್ಷಗಳಾಗಿದ್ದರೂ, ಆ ನ್ಯಾಯಾಧೀಶನ ಹೆಸರನ್ನು ಹೊತ್ತ ನೆಲದಲ್ಲಿಯೇ ಸಂಸ್ಥಾನದ ರಾಜ್ಯಪಾಲನ ಅಪ್ಪಣೆಯಿಂದ ಮೂಲನಿವಾಸಿಗಳ ಗ್ರಾಮವೊಂದು ಬರಿದಾಯಿತು.

೪

ಲೇಖವು ಅರ್ಧ ಹೇಳಿದುದನ್ನು ಪ್ರತಿಮೆಯು ತುಂಬಿಕೊಡುವುದೋ ಎಂದು ನೋಡಿದರೆ, ಅಲ್ಲಿಯೂ ನಿರಾಶೆಯಾಗುವುದು. ಶಿಲ್ಪದ ನಾಯಕನು ಪಶ್ಚಿಮದ ಬಯಲುಸೀಮೆಯ ಯೋಧರಂತೆ ಗರಿಗಳ ಶಿರೋಭೂಷಣವನ್ನು ಧರಿಸಿ ನಿಂತಿರುವನು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೂಲನಿವಾಸಿಯೆಂದರೆ ಇದೇ ವೇಷವೆಂಬುದು ಜನಸಾಮಾನ್ಯರ ಕಲ್ಪನೆ; ಪ್ರತಿಮೆಯು ಅದಕ್ಕೆ ಒಪ್ಪಿದೆ. ಇಂಡಿಯಾನಾದ ಪೊಟವಾಟಮಿ ಜನರು ೧೮೩೭ರಲ್ಲಿ ನಿಜವಾಗಿ ಹೇಗಿದ್ದರೆಂಬುದಕ್ಕೆ ಬೇರೆ ಸಾಕ್ಷಿಯುಂಟು. ಆ ವರ್ಷ ಲೋಗನ್ಸ್‌ಪೋರ್ಟಿಗೆ ಬಂದ ಜಾರ್ಜ್ ವಿಂಟರ್ ಎಂಬ ಆಂಗ್ಲ ಚಿತ್ರಕಾರನು ಅವರ ಸಭೆಗಳಲ್ಲಿ ಕುಳಿತು ಬರೆದುಕೊಂಡ ಚಿತ್ರಗಳು ಲಾಫಯೆಟ್ ನಗರದ ಸಂಗ್ರಹದಲ್ಲಿ ಉಳಿದಿವೆ. ಅವುಗಳಲ್ಲಿ ಗಂಡಸರು ಬಣ್ಣದ ಬಟ್ಟೆಯ ರುಮಾಲು ಸುತ್ತಿಕೊಂಡು, ನಿರಿಗೆಯ ಅಂಗಿಯನ್ನೂ ನಿಲುವಂಗಿಯನ್ನೂ ತೊಟ್ಟಿರುವರು. ಹೆಂಗಸರ ಮೈಮೇಲೆ ಬೆಳ್ಳಿಯ ಒಡವೆಗಳೂ ರೇಷ್ಮೆಯ ಪಟ್ಟಿಗಳೂ ಇವೆ.

ಇದು ಬರಿಯ ವೇಷಭೂಷಣದ ತಪ್ಪಲ್ಲ. ರುಮಾಲು ಸುತ್ತಿ ನಿಲುವಂಗಿ ತೊಟ್ಟವನು, ದಿಮ್ಮಿಯ ಮನೆಯಲ್ಲಿ ವಾಸವಾಗಿ ಜೋಳದ ಹೊಲವನ್ನು ಬೆಳೆದು ಭಾನುವಾರ ಪ್ರಾರ್ಥನೆಗೆ ಹೋಗುವವನು, ನೆಲಸಿಗನಿಗೆ ನೆರೆಯವನು. ಅವನ ಬದುಕಿಗೂ ನೆಲಸಿಗನ ಬದುಕಿಗೂ ಇದ್ದ ಅಂತರ ಆ ವರ್ಷಗಳಲ್ಲಿ ಹೆಚ್ಚಿನದಾಗಿರಲಿಲ್ಲ. ಗರಿಯ ಕಿರೀಟವು ಅವನನ್ನು ನೆರೆಯವನ ಸ್ಥಾನದಿಂದ ಎತ್ತಿ ದೂರದ ಪುರಾಣವೊಂದಕ್ಕೆ ಸೇರಿಸಿಬಿಡುವುದು. ಪುರಾಣಪುರುಷನಿಗಾಗಿ ಕಣ್ಣೀರು ಸುರಿಸುವುದು ಸುಲಭ. ಅವನು ಹೊಲವನ್ನು ಹಿಂದಕ್ಕೆ ಕೇಳುವವನಲ್ಲ. ನೆರೆಯವನನ್ನು ಹೊರಹಾಕಿದ ನೆನಪು ಅಷ್ಟು ಸುಲಭವಾಗಿ ಅರಗುವುದಿಲ್ಲ. ಹಾಗೆ ನೋಡಿದರೆ ಪ್ರತಿಮೆಯು ತನ್ನ ಪೀಠದ ಲೇಖಕ್ಕಿಂತಲೂ ಹಿಂದುಳಿದಿದೆ.

೫

ಸ್ಮಾರಕದ ಚರಿತ್ರೆಯು ೧೯೦೯ಕ್ಕೆ ಮುಗಿಯಲಿಲ್ಲ. ೧೯೭೬ರಿಂದ ಮೊದಲಾಗಿ, ಮಾರ್ಷಲಿನ ದಕ್ಷಿಣಕ್ಕೆ ಹೊಂದಿಕೊಂಡ ಫುಲ್ಟನ್ ಕೌಂಟಿಯ ಇತಿಹಾಸಸಂಘವು ನಡೆದ ದಾರಿಯನ್ನೇ ಗುರುತಿಸುವ ಕಾರ್ಯಕ್ಕೆ ಕೈಹಾಕಿತು. ಆ ದಾರಿಗೆ 'ಮರಣದ ಹಾದಿ' ಎಂಬ ಹೆಸರು ರೂಢಿಗೆ ಬಂದಿದೆ. ಪ್ರಯಾಣದ ಅಧಿಕೃತ ದಿನಚರಿಯು ಉಳಿದಿರುವುದರಿಂದ ಪ್ರತಿಯೊಂದು ರಾತ್ರಿಯ ಬಿಡಾರವನ್ನೂ ಹೆಚ್ಚುಕಡಿಮೆ ನಿಷ್ಕರ್ಷಿಸಲು ಸಾಧ್ಯವಾಯಿತು. ಬಾಲಚರರು, ಊರಿನ ಗುಂಪುಗಳು, ಉಚ್ಚಾಟಿತರ ಸಂತತಿಯವರು ಸೇರಿ ಇಂಡಿಯಾನಾದಿಂದ ಕ್ಯಾನ್ಸಸಿನವರೆಗೆ ಗುಂಡುಕಲ್ಲುಗಳನ್ನು ನೆಟ್ಟು ಲೋಹದ ಫಲಕಗಳನ್ನು ಕೂರಿಸಿದರು. ಇಂತಹ ಗುರುತುಗಳು ಈಗ ಎಂಬತ್ತರಷ್ಟಿವೆ. ೧೯೮೮ರಿಂದ ಐದು ವರ್ಷಗಳಿಗೊಮ್ಮೆ ಸೆಪ್ಟೆಂಬರಿನಲ್ಲಿ ಈ ದಾರಿಯುದ್ದಕ್ಕೂ ಸ್ಮರಣಯಾತ್ರೆ ನಡೆಯುತ್ತ ಬಂದಿದೆ. ೧೯೯೪ರಲ್ಲಿ ಇಂಡಿಯಾನಾ, ಇಲ್ಲಿನಾಯ್, ಮಿಸೂರಿ, ಕ್ಯಾನ್ಸಸ್ ಎಂಬ ನಾಲ್ಕು ಸಂಸ್ಥಾನಗಳ ಶಾಸನಸಭೆಗಳು ಇದನ್ನು ಪ್ರಾದೇಶಿಕ ಐತಿಹಾಸಿಕ ಮಾರ್ಗವೆಂದು ಘೋಷಿಸಿದುವು.

ಕಲೆಯ ದೃಷ್ಟಿಯಿಂದ ಈ ಕಲ್ಲುಗಳು ಗಣನೆಗೆ ಬಾರವು. ಸ್ಮಾರಕದ ದೃಷ್ಟಿಯಿಂದ ಇವು ೧೯೦೯ರ ಪ್ರತಿಮೆಗೆ ತಕ್ಕ ತಿದ್ದುಪಡಿಗಳಾಗಿವೆ. ಪ್ರತಿಮೆಯ ಲೇಖದಲ್ಲಿ ಕಥೆಯು ಸೆಪ್ಟೆಂಬರ್ ೪ರಂದು ಮುಗಿಯುವುದು. ಜನರು ಕೌಂಟಿಯ ಗಡಿ ದಾಟಿದರು. ಅಲ್ಲಿಗೆ ಕೌಂಟಿಯ ಜವಾಬ್ದಾರಿ ತೀರಿತು. ಕಲ್ಲುಗಳಾದರೋ ಅದೇ ದಿನದಿಂದ ಕಥೆಯನ್ನು ಮೊದಲುಮಾಡಿ ದಿನಕ್ಕೊಂದು ಬಿಡಾರದಂತೆ ಓದುಗನನ್ನು ನಡೆಸಿಕೊಂಡು ಹೋಗುವುವು. ಫುಲ್ಟನ್ ಕೌಂಟಿಯ ಮಡ್ ಕ್ರೀಕ್ ಎಂಬ ಹಳ್ಳದ ಬಳಿಯ ಕಲ್ಲು, ಆ ಪ್ರಯಾಣದ ಮೊದಲ ಸಾವಿನ ಗುರುತು. ಸತ್ತುದು ಒಂದು ಹಸುಗೂಸು. ಮನೆ ಬಿಟ್ಟು ಇನ್ನೂ ಮೂರು ದಿನಗಳಾಗಿರಲಿಲ್ಲ. ೮೫೯ ಎಂಬ ಸಂಖ್ಯೆಯು ಹೇಳಲಾರದುದನ್ನು ಈ ಕಲ್ಲು ಹೇಳುವುದು. ಮತ್ತೆ, ಅನೇಕ ಫಲಕಗಳ ಮೇಲೆ ಅವುಗಳನ್ನು ನಿಲ್ಲಿಸಿದ ಪೊಟವಾಟಮಿ ಕುಟುಂಬಗಳ ಪೂರ್ವಿಕರ ಹೆಸರುಗಳಿವೆ. ಪ್ರತಿಮೆಯ ಲೇಖದಲ್ಲಿ ಮೆನಾಮಿನೀ ಒಬ್ಬನನ್ನು ಬಿಟ್ಟರೆ ಹೆಸರುಳ್ಳವರೆಲ್ಲ ಬಿಳಿಯರು. ಕಲ್ಲುಗಳಲ್ಲಿ ಆ ಅಸಮತೆಯು ತಕ್ಕಮಟ್ಟಿಗೆ ನೀಗಿದೆ.

ಇದಕ್ಕಿಂತ ಮುಖ್ಯವಾದುದು ಸ್ಥಳಸಾಮ್ಯ. ರಾಚೆಸ್ಟರಿನ ಮುಖ್ಯ ಬೀದಿಯೇ ಹಳೆಯ ಮಿಚಿಗನ್ ರೋಡ್. ನೆಲಸಿಗರು ಬಂಡಿಗಳಲ್ಲಿ ಬಂದಿಳಿದ ದಾರಿಯೂ ಪೊಟವಾಟಮಿ ಜನರು ಕಾವಲಿನಲ್ಲಿ ನಡೆದುಹೋದ ದಾರಿಯೂ ಒಂದೇ. ಮೊದಲ ನೆಲಸಿಗರ ಫಲಕಗಳೂ ಮರಣದ ಹಾದಿಯ ಕಲ್ಲುಗಳೂ ಹೀಗೆ ಒಂದೇ ದಾರಿಯ ಮಗ್ಗುಲಲ್ಲಿ ನಿಂತಿವೆ. ಬೇರೆ ಬೇರೆಯಾಗಿ ಓದಿದಾಗ ಒಂದು ಸಾಹಸದ ಕಥೆಯೆಂದೂ ಇನ್ನೊಂದು ಶೋಕದ ಕಥೆಯೆಂದೂ ತೋರುವ ಇವೆರಡು, ದಾರಿಯಲ್ಲಿ ನಡೆದು ಕ್ರಮವಾಗಿ ಓದುವವನಿಗೆ ಒಂದೇ ಕಥೆಯಾಗಿ ಕೂಡಿಕೊಳ್ಳುತ್ತವೆ.

ಆದರೂ ಈ ಕಲ್ಲುಗಳು ಎಲ್ಲ ದೋಷಗಳಿಂದಲೂ ಪಾರಾಗಿಲ್ಲ. ದಿನಚರಿಯನ್ನು ಬರೆದವರು ಪ್ರಯಾಣವನ್ನು ನಡೆಸಿದ ಅಧಿಕಾರಿಗಳ ಕಡೆಯವರು. ಬಿಡಾರ, ಮೈಲಿ, ನೀರಿನ ಅಭಾವ, ಸತ್ತವರ ಎಣಿಕೆ ಇವೇ ಅದರ ವಿಷಯ. ಅದನ್ನು ಆಧಾರವಾಗಿಟ್ಟುಕೊಂಡ ಫಲಕಗಳಿಗೂ ಆ ದೃಷ್ಟಿಯೇ ಬಂದಿದೆ. ಸಂಕಟವು ಮೈಲಿಗಲ್ಲಿನಂತೆ ಸ್ಪಷ್ಟವಾಗಿ ಕಾಣುವುದು. ಸಂಕಟಕ್ಕೆ ಕಾರಣವಾದ ಕ್ರಯವು ಕಾಣುವುದಿಲ್ಲ. ಜ್ವರವೂ ಬರಗಾಲವೂ ಕೊಂದುವೆಂದು ಓದಿದವನು ಕೊನೆಗೆ ವಿಧಿಯನ್ನು ಹಳಿದು ಮುಂದೆ ಹೋಗುವ ಸಂಭವವುಂಟು. 'ಮರಣದ ಹಾದಿ' ಎಂಬ ಹೆಸರು ಕೂಡ ಈ ಸಂಭವವನ್ನು ಹೆಚ್ಚಿಸುವುದು. ಆ ಹಾದಿಯಲ್ಲಿ ಹೋದವರಲ್ಲಿ ಹೆಚ್ಚಿನವರು ಬದುಕಿದರು. ಅವರ ಸಂತತಿಯವರು ಇಂದಿಗೂ ಇರುವರು. ಕ್ಯಾನ್ಸಸಿನ ಪ್ರೇರಿ ಪಂಗಡ, ಓಕ್ಲಹೋಮಾದ ಸಿಟಿಜನ್ ಪೊಟವಾಟಮಿ ರಾಷ್ಟ್ರ ಎಂಬ ಹೆಸರುಗಳಿಂದ ಅವರು ಸಂಘಟಿತರಾಗಿರುವರು. ಬೇರೊಂದು ಒಡಂಬಡಿಕೆಯ ಬಲದಿಂದ ಮಿಚಿಗನ್ನಿನಲ್ಲಿಯೇ ಉಳಿದ ಪೊಕೇಗನ್ ಪಂಗಡಕ್ಕೆ ಕೇಂದ್ರ ಸರಕಾರದ ಮನ್ನಣೆಯು ೧೯೯೪ರಲ್ಲಿ ಮರಳಿ ದೊರೆಯಿತು. ಹಾದಿಗೆ ಐತಿಹಾಸಿಕವೆಂಬ ಬಿರುದು ಬಂದುದೂ ಅದೇ ವರ್ಷ. ೨೦೧೬ರಲ್ಲಿ ಮಾರ್ಷಲಿನ ಉತ್ತರಕ್ಕೆ ಹೊಂದಿಕೊಂಡ ಸೇಂಟ್ ಜೋಸೆಫ್ ಕೌಂಟಿಯ ಸೌತ್ ಬೆಂಡ್ ನಗರದಲ್ಲಿ ಆ ಪಂಗಡಕ್ಕೆ ಇಂಡಿಯಾನಾದ ನೆಲದಲ್ಲಿಯೇ ಸ್ವಂತ ಭೂಮಿಯು ಮತ್ತೆ ಲಭಿಸಿತು. ಜನರು ಅಳಿದುಹೋದರೆಂಬ ಭಾವದಿಂದ ಎದ್ದ ಸ್ಮಾರಕಗಳಿಗೆ ಇದೊಂದು ಜೀವಂತವಾದ ಪ್ರತ್ಯುತ್ತರ.

೬

ಸಾರಾಂಶವಿಷ್ಟು. ೧೯೦೯ರ ಸ್ಮಾರಕವು ಅಪರಾಧಿಗಳ ಹೆಸರನ್ನು ಹೇಳಿ ಅಪರಾಧವನ್ನು ಹೇಳದೆ ಬಿಟ್ಟಿತು. ಆಮೇಲಿನ ಕಲ್ಲುಗಳು ಅಪರಾಧದ ಫಲವನ್ನು ದಿನದಿನದ ಲೆಕ್ಕವಾಗಿ ಒಪ್ಪಿಸಿದುವು. ಎರಡಕ್ಕೂ ನಡುವೆ, ನೆಲವು ಕೈಯಿಂದ ಕೈಗೆ ಹೋದ ಬಗೆಯೆಂಬ ಕೊಂಡಿಯೊಂದು ಬಿಟ್ಟುಹೋಗಿದೆ. ಅದನ್ನು ಕೂಡಿಸಿದ ಹೊರತು ಮೊದಲ ನೆಲಸಿಗರ ಚರಿತ್ರೆಯೂ ಪೂರ್ಣವಾಗದು. ಕಾಡು ಕಡಿದವರ ಶ್ರಮವು ಸುಳ್ಳಲ್ಲ. ಚಳಿ, ಜ್ವರ, ಹಸಿವುಗಳನ್ನು ಅವರೂ ಕಂಡವರೇ. ಆದರೆ ಆ ಶ್ರಮವು ಬರಿದಾದ ನೆಲದ ಮೇಲೆ ನಡೆದುದಲ್ಲ, ಬರಿದುಮಾಡಿದ ನೆಲದ ಮೇಲೆ ನಡೆದುದು. ಇದನ್ನು ಒಪ್ಪಿಕೊಂಡರೆ ಪೂರ್ವಿಕರ ಗೌರವಕ್ಕೆ ಕುಂದು ಬರುವುದೆಂದು ಅಂಜುವವರಿಗೆ, ಪಯೋನಿಯರನ ಮಗನಾದ ಮ್ಯಾಕ್‌ಡೊನಾಲ್ಡನೇ ತಕ್ಕ ಉತ್ತರ. ಅವನು ಒಪ್ಪಿಕೊಂಡನು, ಆ ಕಾರಣದಿಂದಲೇ ಕೌಂಟಿಯ ಮಿಕ್ಕ ಶಾಸನಸಭಾಸದಸ್ಯರಿಗಿಂತ ಅವನ ಹೆಸರು ಹೆಚ್ಚು ಕಾಲ ಉಳಿದಿದೆ.

ಪ್ರತಿಮೆಯನ್ನು ಕೆಡಹಬೇಕಾಗಿಲ್ಲ; ಅದರ ಲೇಖವನ್ನು ಅಳಿಸಬೇಕಾಗಿಯೂ ಇಲ್ಲ. ೧೯೦೯ರ ಜನರು ಎಷ್ಟನ್ನು ಕಾಣಬಲ್ಲವರಾಗಿದ್ದರು, ಎಷ್ಟನ್ನು ಕಾಣಲೊಲ್ಲದೆ ಹೋದರು ಎಂಬುದಕ್ಕೆ ಅದೇ ದಾಖಲೆ. ಅದರ ಮಗ್ಗುಲಲ್ಲಿ ಇನ್ನೊಂದು ಚಿಕ್ಕ ಕಲ್ಲಿಗೆ ಸ್ಥಳವಿದೆ. ಅದರ ಮೇಲೆ ಬರೆಯಬೇಕಾದುದೂ ಹೆಚ್ಚಿಲ್ಲ: ಇಲ್ಲಿ ೧೪,೦೮೦ ಎಕರೆ ನೆಲವಿತ್ತು, ಎಕರೆಗೆ ಒಂದು ಡಾಲರಿನಂತೆ ಅದನ್ನು ಕೊಂಡರು, ಮೆನಾಮಿನೀ ಸಹಿ ಹಾಕಲಿಲ್ಲ.